ಕನ್ನಡಿಯಿಂದ ತಲೆಗೆ: ಹೆಲ್ಮೆಟ್ಟು ನಡೆದು ಬಂದ ದಾರಿ



ಇತಿಹಾಸ ಅಂದ ಕೂಡಲೇ ನಮ್ಮ ಮಕ್ಕಳಿಗೆ ನೆನಪಾಗುವುದು ರಾಜರು, ಕೋಟೆಗಳು, ಯುದ್ಧಗಳು, ಇಸವಿಗಳು. ಮನೆಯ ಮೊಳೆಗೆ ನೇತುಬಿದ್ದಿರುವ ವಸ್ತುವಿಗೂ ಒಂದು ಇತಿಹಾಸ ಇರುತ್ತದೆ ಎಂದು ನಾವು ತರಗತಿಯಲ್ಲಿ ಹೇಳುವುದು ಕಡಿಮೆ. ಈ ಸಲ ಅಂಥ ಒಂದು ವಸ್ತುವಿನ ಕಥೆ ಹೇಳೋಣ ಎಂದುಕೊಂಡಿದ್ದೇವೆ. ಅದು ಹೆಲ್ಮೆಟ್. ಪುಸ್ತಕದ ಕನ್ನಡದಲ್ಲಿ ಹೇಳುವುದಾದರೆ ಶಿರಸ್ತ್ರಾಣ.

ಕನ್ನಡ ಶಾಲೆಗೂ ಹೆಲ್ಮೆಟ್ಟಿಗೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಗಡಿಯಾಚೆಯ ನಮ್ಮ ಊರುಗಳಲ್ಲಿ ಕನ್ನಡ ಮಾಧ್ಯಮದ ತರಗತಿ ಎಲ್ಲ ಶಾಲೆಯಲ್ಲೂ ಇಲ್ಲ. ಮನೆ ಪಕ್ಕದ ಶಾಲೆ ಬಿಟ್ಟು ದೂರದ ಕನ್ನಡ ಶಾಲೆಗೇ ಮಗುವನ್ನು ಸೇರಿಸಬೇಕು ಎಂದು ಹಟ ಹಿಡಿದ ಅಪ್ಪ ಅಮ್ಮಂದಿರು ದಿನಾ ಬೆಳಗ್ಗೆ ಸಂಜೆ ಸ್ಕೂಟರು ಬೈಕುಗಳಲ್ಲಿ ಮಕ್ಕಳನ್ನು ತಂದು ಬಿಟ್ಟು ಕರೆದುಕೊಂಡು ಹೋಗುತ್ತಾರೆ. ನಾವು ಅಧ್ಯಾಪಕರೂ ಅಷ್ಟೆ. ಪೆರ್ಲದಿಂದ ಕುಂಬಳೆಗೆ, ಮುಳ್ಳೇರಿಯದಿಂದ ಬದಿಯಡ್ಕಕ್ಕೆ, ತಲಪಾಡಿ ದಾಟಿ ಮಂಜೇಶ್ವರಕ್ಕೆ ಬಂದು ಹೋಗುವವರು ಎಷ್ಟೋ ಮಂದಿ. ಅಂದರೆ ನಮ್ಮ ಕನ್ನಡ ಶಾಲೆಗಳು ಉಳಿದಿರುವುದರಲ್ಲಿ ಈ ಎರಡು ಚಕ್ರಗಳ ಪಾಲು ದೊಡ್ಡದು. ಆ ದಾರಿಯಲ್ಲಿ ಒಂದು ತಲೆಗೆ ಪೆಟ್ಟಾದರೆ ಅದು ಒಂದು ಮನೆಯ ನಷ್ಟವಷ್ಟೇ ಅಲ್ಲ, ಒಂದು ಶಾಲೆಯ ನಷ್ಟವೂ ಹೌದು.

ಆದರೆ ಆ ಹೆಲ್ಮೆಟ್ ಎಲ್ಲಿರುತ್ತದೆ? ಪೊಲೀಸರು ಇರುವ ತಿರುವು ಬರುವವರೆಗೆ ಬೈಕಿನ ಕನ್ನಡಿಯಲ್ಲಿ, ಇಲ್ಲವೇ ಮೊಣಕೈಯಲ್ಲಿ, ಇಲ್ಲವೇ ಹಿಂದೆ ಕುಳಿತವರ ಮಡಿಲಲ್ಲಿ! ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧ. ಸೆಕೆ, ಬೆವರು, ಭಾರ, ಹಣೆನೋವು, ಕಿವಿ ಕೇಳಿಸುವುದಿಲ್ಲ, ಕೂದಲು ಉದುರುತ್ತದೆ. "ಜೀವದ ಮೇಲೆ ಆಸೆ ಇಲ್ಲ" ಎಂದು ಯಾರೂ ಹೇಳುವುದಿಲ್ಲ. ಎಲ್ಲರ ತಕರಾರೂ ಒಂದೇ: ಹಿತವಿಲ್ಲ. ಹಾಗಾಗಿ ಹೆಲ್ಮೆಟ್ಟಿನ ಇತಿಹಾಸವನ್ನು ಈ 'ಹಿತ' ಎಂಬ ಎರಡಕ್ಷರದ ಬದಿಯಿಂದಲೇ ನೋಡೋಣ.

ಅರಗು ಮತ್ತು ಕ್ಯಾನ್ವಾಸಿನ ಟೊಪ್ಪಿ

ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಎಂಬಲ್ಲಿ 1907ರಲ್ಲಿ ಮೋಟಾರು ರೇಸಿಗೆಂದು ಒಂದು ಪಥ ತೆರೆಯಿತು. ಅಲ್ಲಿ ವೈದ್ಯಾಧಿಕಾರಿಯಾಗಿದ್ದವರು ಡಾ. ಎರಿಕ್ ಗಾರ್ಡ್ನರ್. ಹದಿನೈದು ದಿನಕ್ಕೊಮ್ಮೆ ಎನ್ನುವ ಹಾಗೆ ತಲೆಗೆ ಪೆಟ್ಟಾದ ಬೈಕ್ ಸವಾರರು ತಮ್ಮ ಬಳಿಗೆ ಬರುತ್ತಿರುವುದನ್ನು ಅವರು ಗಮನಿಸಿದರು. ಆಗ ಸವಾರರ ತಲೆಯ ಮೇಲೆ ಇರುತ್ತಿದ್ದದ್ದು ಚರ್ಮದ ಅಥವಾ ಬಟ್ಟೆಯ ಟೊಪ್ಪಿ. ಅದು ಗಾಳಿ ಚಳಿಗೆ ಸಾಕು, ಪೆಟ್ಟಿಗೆ ಸಾಲದು.

ಗಾರ್ಡ್ನರ್ ಲಂಡನ್ನಿನ ಬೆತ್ನಲ್ ಗ್ರೀನಿನ ಮಾಸ್ ಎಂಬ ಕುಶಲಕರ್ಮಿಯಿಂದ ಕ್ಯಾನ್ವಾಸ್ ಬಟ್ಟೆಗೆ ಅರಗು ಮೆತ್ತಿದ ಗಟ್ಟಿ ಟೊಪ್ಪಿಗಳನ್ನು ಮಾಡಿಸಿದರು. ಜೋರು ಪೆಟ್ಟನ್ನು ತಡೆಯುವಷ್ಟು ಗಟ್ಟಿ, ತಗಲಿದ್ದು ಜಾರಿಹೋಗುವಷ್ಟು ನುಣುಪು. ಮೋಟಾರ್ ಸೈಕಲ್ ರೇಸು ನಡೆಸುವ ಆಟೋ ಸೈಕಲ್ ಯೂನಿಯನ್ ಎಂಬ ಸಂಸ್ಥೆ ಮೊದಲು ಇದನ್ನು ಒಪ್ಪಲಿಲ್ಲ. ಆಮೇಲೆ ಮನಸ್ಸು ಬದಲಿಸಿ 1914ರ ಐಲ್ ಆಫ್ ಮ್ಯಾನ್ ರೇಸಿನಲ್ಲಿ ಕಡ್ಡಾಯ ಮಾಡಿತು. ಸವಾರರು ಗೊಣಗಿದರು! ಆದರೂ ಗಾರ್ಡ್ನರ್ 94 ಟೊಪ್ಪಿಗಳನ್ನು ಆ ದ್ವೀಪಕ್ಕೆ ಕೊಂಡುಹೋದರು. ಒಬ್ಬ ಸವಾರ ಗೇಟೊಂದಕ್ಕೆ ತಲೆ ಬಡಿದುಕೊಂಡೂ ಉಳಿದ. ಪ್ರತಿ ವರ್ಷ ರೇಸು ಮುಗಿದ ಮೇಲೆ ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದ ಕೆಲವರಾದರೂ ಅಲ್ಲಿನ ವೈದ್ಯರ ಬಳಿಗೆ ಬರುತ್ತಿದ್ದರಂತೆ, ಆ ವರ್ಷ ಒಬ್ಬರೂ ಬರಲಿಲ್ಲ ಎಂದು ದ್ವೀಪದ ವೈದ್ಯರಿಂದ ಗಾರ್ಡ್ನರ್‌ಗೆ ಪತ್ರ ಬಂತು.

ನೋಡಿ, ಹೆಲ್ಮೆಟ್ಟಿನ ಜೊತೆಗೇ ಗೊಣಗಾಟವೂ ಹುಟ್ಟಿದೆ. ನಮ್ಮ ಕಾಲದ್ದಲ್ಲ ಅದು, ನೂರು ವರ್ಷಕ್ಕೂ ಹಿಂದಿನದು.

ಒಬ್ಬ ಸವಾರನ ಸಾವು, ಒಬ್ಬ ವೈದ್ಯನ ಹಟ

'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ. ಇ. ಲಾರೆನ್ಸ್‌ಗೆ ಬೈಕೆಂದರೆ ಪ್ರಾಣ. 1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ತನ್ನ ಮನೆಯ ಹತ್ತಿರದ ರಸ್ತೆಯಲ್ಲೇ ಬ್ರಫ್ ಸುಪೀರಿಯರ್ ಬೈಕಿನಲ್ಲಿ ಹೋಗುತ್ತಿದ್ದಾಗ ಎದುರು ಸೈಕಲ್ಲಿನ ಇಬ್ಬರು ಹುಡುಗರು ಸಿಕ್ಕಿದರು. ಅವರನ್ನು ತಪ್ಪಿಸಲು ಹೋಗಿ ಲಾರೆನ್ಸ್ ಬಿದ್ದ. ತಲೆಗೆ ಪೆಟ್ಟಾಯಿತು. ಹೆಲ್ಮೆಟ್ ಇರಲಿಲ್ಲ. ಆರು ದಿನಗಳ ನಂತರ, ಮೇ 19ರಂದು ತೀರಿಕೊಂಡ. ವಯಸ್ಸು 46. ಗಮನಿಸಿ, ಯುದ್ಧಭೂಮಿಯಲ್ಲಿ ಉಳಿದು ಬಂದ ಮನುಷ್ಯ ಮನೆ ಹತ್ತಿರದ ರಸ್ತೆಯಲ್ಲಿ ಹೋದ. "ಇಲ್ಲೇ ಹತ್ತಿರ ಅಲ್ವಾ, ಹೆಲ್ಮೆಟ್ ಯಾಕೆ" ಎನ್ನುವವರು ಈ ಸಂಗತಿಯನ್ನು ನೆನಪಿಡಬೇಕು.

ಲಾರೆನ್ಸ್‌ನನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಮೆದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಕೆಲಸ ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧ ಶುರುವಾದ ಮೇಲೆ ಸೈನ್ಯದ ಸಂದೇಶ ಒಯ್ಯುವ ಬೈಕ್ ಸವಾರರು ಸಾಲು ಸಾಲಾಗಿ ಸಾಯುವುದನ್ನು ಕೇರ್ನ್ಸ್ ಕಂಡರು. ಬ್ಲ್ಯಾಕೌಟ್ ಕಾಲ, ರಸ್ತೆಯೆಲ್ಲ ಕತ್ತಲು. 1941ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅವರು ಒಂದು ಲೇಖನ ಬರೆದರು. ಯುದ್ಧದ ಮೊದಲ 21 ತಿಂಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂಬದಿಯವರು 2,279 ಮಂದಿ. ಹೆಲ್ಮೆಟ್ ಹಾಕಿದ್ದು ಪೆಟ್ಟಾದವರು ಅವರಿಗೆ ಸಿಕ್ಕಿದ್ದು ಕೇವಲ ಏಳು ಮಂದಿ. ಆ ಏಳೂ ಜನ ಬದುಕಿದ್ದರು.

ಏಳು ಎಂಬುದು ಸಣ್ಣ ಲೆಕ್ಕ. ಆದರೂ ಅದೇ ವರ್ಷ ನವೆಂಬರಿನಲ್ಲಿ ಬ್ರಿಟಿಷ್ ಸೈನ್ಯ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಕೇರ್ನ್ಸ್ ಅಲ್ಲಿಗೆ ಬಿಡಲಿಲ್ಲ. ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹಾಲ್‌ಬೋರ್ನ್ ಜೊತೆ ಸೇರಿ 1943ರಲ್ಲಿ ಮತ್ತೆ ಬರೆದರು, 1946ರಲ್ಲಿ ಇನ್ನಷ್ಟು ಪ್ರಕರಣಗಳನ್ನು ಮುಂದಿಟ್ಟರು. 1952ರಲ್ಲಿ ತೀರಿಕೊಂಡರು. ಬ್ರಿಟನ್ನಿನ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದದ್ದು 1973ರ ಜೂನ್ 1ರಂದು. ಅಷ್ಟು ಹೊತ್ತಿಗೆ ಕೇರ್ನ್ಸ್ ಹೋಗಿ 21 ವರ್ಷ ಆಗಿತ್ತು. ಅದಕ್ಕೂ ಮೊದಲೇ, 1961ರ ಜನವರಿ 1ರಂದು, ಅವರ ಹುಟ್ಟುನಾಡು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಜಗತ್ತಿನಲ್ಲೇ ಮೊದಲ ಹೆಲ್ಮೆಟ್ ಕಾನೂನು ಜಾರಿಗೆ ತಂದಿತ್ತು.

ಗೋಟುಕಾಯಿಯ ಪಾಠ

ಹಾಲ್‌ಬೋರ್ನ್ ತಲೆಬುರುಡೆಯ ಅಚ್ಚಿನಲ್ಲಿ ಮೆದುಳಿನ ಬದಲು ಜೆಲಾಟಿನ್ ತುಂಬಿ, ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತದೆ ಎಂದು ನೋಡಿದರು. ಇದನ್ನು ನಮ್ಮ ಮಕ್ಕಳಿಗೆ ಹೇಳಲು ಜೆಲಾಟಿನ್ ಬೇಡ, ಒಂದು ಗೋಟುಕಾಯಿ ಸಾಕು. ಒಣಗಿದ ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಕೊಬ್ಬರಿ ಗೆರಟೆಗೆ ಬಡಿಯುವುದು ಕೇಳಿಸುತ್ತದೆ. ಹೊರಗಿನ ಗೆರಟೆ ನಿಂತರೂ ಒಳಗಿನದು ನಿಲ್ಲುವುದಿಲ್ಲ. ತಲೆಯ ಒಳಗಿನ ಕಥೆಯೂ ಸುಮಾರಾಗಿ ಇದೇ. ಬುರುಡೆ ಒಡೆಯದೆಯೂ ಮೆದುಳಿಗೆ ಏಟಾಗಬಹುದು.

ಹಾಗಾದರೆ ಗಟ್ಟಿ ಚಿಪ್ಪು ಒಂದೇ ಸಾಲದು. ಒಳಗೆ ಏನಾದರೂ ನಿಧಾನವಾಗಿ ಕುಸಿಯಬೇಕು. ಕ್ರಿಕೆಟ್ಟಿನಲ್ಲಿ ಕ್ಯಾಚು ಹಿಡಿಯುವವನು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ ಎಂದು ಒಂಬತ್ತನೇ ತರಗತಿಯಲ್ಲಿ ನ್ಯೂಟನ್ನನ ನಿಯಮ ಹೇಳುವಾಗ ಉದಾಹರಣೆ ಕೊಡುತ್ತೇವಲ್ಲ, ಅದೇ ತತ್ವ. ಯುದ್ಧಕಾಲದ ಹೆಲ್ಮೆಟ್ಟುಗಳಲ್ಲಿ ಒಳಗೆ ಬಟ್ಟೆ ಪಟ್ಟಿಗಳ ಜೋಲಿ ಇತ್ತು. ಅಮೆರಿಕದ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಲೊಂಬಾರ್ಡ್ ಮತ್ತು ರಾತ್ ಎಂಬ ಸಂಶೋಧಕರು ಜೋಲಿಯ ಬದಲು ಪೆಟ್ಟನ್ನು ತಾನೇ ನುಂಗಿ ಕುಸಿಯುವ ಪದರವನ್ನು ಮುಂದಿಟ್ಟರು. 1953ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಹೊರಗೆ ಗಟ್ಟಿ ಚಿಪ್ಪು, ನಡುವೆ ಕುಸಿಯುವ ಪದರ, ಒಳಗೆ ತಲೆಗೆ ಹಿತವಾಗಲು ಮೆತ್ತೆ. ಇಂದು ನಾವು ಅಂಗಡಿಯಲ್ಲಿ ನೋಡುವ ಹೆಲ್ಮೆಟ್ಟಿನ ಅಸ್ತಿಭಾರ ಅದೇ. ನಡುವಿನ ಪದರ ಮುಂದೆ ಥರ್ಮೋಕೋಲ್ ಜಾತಿಯ ಪಾಲಿಸ್ಟೈರೀನ್ ಆಯಿತು.

1954ರಲ್ಲಿ ಕ್ಯಾಲಿಫೋರ್ನಿಯಾದ ಬೆಲ್ ಎಂಬ ಕಂಪೆನಿ ರೇಸಿನವರಿಗೆಂದು ಹೆಲ್ಮೆಟ್ ಮಾರಲು ಶುರು ಮಾಡಿತು. 1956ರಲ್ಲಿ ಪೀಟ್ ಸ್ನೆಲ್ ಎಂಬ ಕಾರು ರೇಸಿನ ಚಾಲಕ ತಲೆಗೆ ಪೆಟ್ಟಾಗಿ ಸತ್ತ. ತಲೆಯಲ್ಲಿ ಹೆಲ್ಮೆಟ್ ಇತ್ತು, ಆದರೆ ಅದು ಕಾಪಾಡಲಿಲ್ಲ. ಅವನ ಗೆಳೆಯರು 1957ರಲ್ಲಿ ಅವನ ಹೆಸರಿನಲ್ಲೇ ಹೆಲ್ಮೆಟ್ ಪರೀಕ್ಷಿಸುವ ಸಂಸ್ಥೆ ಕಟ್ಟಿದರು. "ಹೆಲ್ಮೆಟ್ ಹಾಕಿದ್ದೀಯಾ?" ಎಂಬ ಪ್ರಶ್ನೆಯ ಪಕ್ಕ "ಎಂಥ ಹೆಲ್ಮೆಟ್?" ಎಂಬ ಪ್ರಶ್ನೆ ಬಂದು ನಿಂತದ್ದು ಹೀಗೆ. 1968ರಲ್ಲಿ ಡ್ಯಾನ್ ಗರ್ನಿ ಎಂಬ ಚಾಲಕ ಗಲ್ಲವನ್ನೂ ಮುಚ್ಚುವ ಹೆಲ್ಮೆಟ್ ಹಾಕಿಕೊಂಡು ಜರ್ಮನಿಯ ಕಾರು ರೇಸಿಗೆ ಇಳಿದ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಅಲ್ಲಿಂದ ರಸ್ತೆಗೂ ಬಂತು.

ಇನ್ನು ಕಿವಿ ಕೇಳಿಸುವುದಿಲ್ಲ ಎನ್ನುವ ತಕರಾರು. ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೆ ಹೋಗಿ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟಿತು. ಹೆಲ್ಮೆಟ್ಟಿನಿಂದ ನೋಟ ಕಡಿಮೆಯಾಗಿಯೋ ಕಿವಿ ಕೇಳಿಸದೆಯೋ ಅಪಘಾತ ಆಗುತ್ತದೆ ಎಂಬುದಕ್ಕೆ ಅವರಿಗೆ ಆಧಾರ ಸಿಗಲಿಲ್ಲ. ತಲೆ ಮತ್ತು ಕುತ್ತಿಗೆಯ ಪೆಟ್ಟು ಹೆಲ್ಮೆಟ್ ಹಾಕಿದವರಲ್ಲಿ ಕಡಿಮೆ ಎಂಬುದು ಮಾತ್ರ ಸ್ಪಷ್ಟವಾಯಿತು. 2008ರಲ್ಲಿ ಹಲವು ದೇಶಗಳ 61 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಹೆಲ್ಮೆಟ್ ಸಾವಿನ ಅಪಾಯವನ್ನು ಸುಮಾರು ಶೇಕಡಾ 42ರಷ್ಟು, ತಲೆಯ ಪೆಟ್ಟಿನ ಅಪಾಯವನ್ನು ಸುಮಾರು ಶೇಕಡಾ 69ರಷ್ಟು ಇಳಿಸುತ್ತದೆ ಎಂದು ಕಂಡುಬಂತು.

ನಮ್ಮ ಗಡಿಯ ಎರಡೂ ಬದಿ

ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೇ ಕಲಮು ಹೆಲ್ಮೆಟ್ ಬಗ್ಗೆ ಹೇಳುತ್ತದೆ. ಪೇಟ ಧರಿಸಿದ ಸಿಖ್ಖರಿಗೆ ಅದರಲ್ಲಿ ವಿನಾಯಿತಿ ಇದೆ. ಬ್ರಿಟನ್ನಿನಲ್ಲೂ ಸಿಖ್ಖರು ಹೋರಾಡಿ 1976ರಲ್ಲಿ ಇಂಥದೇ ವಿನಾಯಿತಿ ಪಡೆದಿದ್ದರು. ಕಾನೂನು ಇದ್ದರೂ ಹಿಂದೆ ಕುಳಿತವರ ತಲೆಯ ಬಗ್ಗೆ ಬಹಳ ಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕರ್ನಾಟಕ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಕಡ್ಡಾಯ ಮಾಡಿತು. ಕೇರಳದಲ್ಲಿ ಹೈಕೋರ್ಟಿನ ಮಾತಿನ ಮೇಲೆ 2019ರ ಡಿಸೆಂಬರ್ 1ರಿಂದ ಬಂತು. ನಡುವಿನ ಆ ವರ್ಷಗಳಲ್ಲಿ ಮಂಗಳೂರಿಗೆ ಹೋಗುವ ನಮ್ಮವರ ಹಿಂಬದಿಯ ತಲೆಗೆ ತಲಪಾಡಿಯ ಆಚೆ ಒಂದು ನಿಯಮ, ಈಚೆ ಒಂದು ನಿಯಮ! ರಸ್ತೆಗೆ ಮಾತ್ರ ಗಡಿ ಗೊತ್ತಿಲ್ಲ, ಟಾರಿನ ಗಟ್ಟಿತನ ಎರಡೂ ಬದಿ ಒಂದೇ.

2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದವರಿಗೆ 1,000 ರೂಪಾಯಿ ದಂಡ ಇಟ್ಟಿತು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್ಟಿನ ಜೊತೆ ಸವಾರರಿಗೆ ಬಿಗಿಯುವ ಸುರಕ್ಷಾ ಪಟ್ಟಿ ಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂಬ ನಿಯಮ 2023ರ ಫೆಬ್ರವರಿಯಿಂದ ಜಾರಿಯಾಯಿತು. ಆದರೂ 2022ನೇ ಇಸವಿಯ ಕೇಂದ್ರ ಸರಕಾರದ ಲೆಕ್ಕದ ಪ್ರಕಾರ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ. ಅದರಲ್ಲಿ 14,337 ಮಂದಿ ಹಿಂದೆ ಕುಳಿತವರು. ಒಂದು ಶಾಲೆಯಲ್ಲಿ 200 ಮಕ್ಕಳು ಎಂದು ಹಿಡಿದರೆ 250 ಶಾಲೆಗಳು ಒಂದೇ ವರ್ಷದಲ್ಲಿ ಖಾಲಿಯಾದ ಹಾಗೆ.

ಹಿತವಾದ ಹೆಲ್ಮೆಟ್ ಆರಿಸುವುದು ಹೇಗೆ?

ನೂರು ವರ್ಷದ ಈ ಕಥೆಯಿಂದ ತಿಳಿಯುವುದು ಒಂದೇ ಮಾತು. ಹಿಂಸೆ ಕೊಡುವ ಹೆಲ್ಮೆಟ್ ಕನ್ನಡಿಗೆ ಹೋಗುತ್ತದೆ, ಹಿತವಾದದ್ದು ತಲೆಯಲ್ಲಿ ಉಳಿಯುತ್ತದೆ. ಹಿತ ಎಂಬುದು ಶೋಕಿಯಲ್ಲ, ಅದೂ ಸುರಕ್ಷೆಯ ಒಂದು ಭಾಗ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ತೋಟದ ಕೆಲಸಕ್ಕೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕುತ್ತಿದ್ದರಲ್ಲ, ಅದು ಅವರವರ ತಲೆಗೆ ತಕ್ಕ ಹಾಗೆ ಮಡಚಿ ಹೊಲಿದದ್ದು. ಸಡಿಲವಾದರೆ ಬೀಳುತ್ತದೆ, ಬಿಗಿಯಾದರೆ ಹಣೆ ಒತ್ತುತ್ತದೆ. ಯಕ್ಷಗಾನದ ವೇಷಧಾರಿ ರಾತ್ರಿಯಿಡೀ ಕಿರೀಟ ಹೊತ್ತು ಕುಣಿಯುತ್ತಾನೆ. ಮೊದಲು ತಲೆಗೆ ಬಟ್ಟೆ ಸುತ್ತಿ, ಭಾರ ಒಂದೇ ಕಡೆ ಒತ್ತದ ಹಾಗೆ ನೋಡಿಕೊಂಡೇ ಅದನ್ನು ಕಟ್ಟುವುದು. ಹೆಲ್ಮೆಟ್ಟಿಗೂ ಅದೇ ಲೆಕ್ಕ.

ಮೊದಲು ಟೇಲರ್ ಟೇಪಿನಿಂದ ತಲೆಯ ಸುತ್ತಳತೆ ತೆಗೆಯಿರಿ, ಹುಬ್ಬಿನ ಸುಮಾರು ಒಂದು ಇಂಚು ಮೇಲಿನಿಂದ, ಹಿಂದೆ ತಲೆ ಹೆಚ್ಚು ಉಬ್ಬಿರುವ ಜಾಗದ ಮೇಲೆ ಹಾದು ಬರುವಂತೆ. ಹೆಲ್ಮೆಟ್ಟಿನ ಒಳಗೆ ಅಥವಾ ಹಿಂದೆ ಸೆಂಟಿಮೀಟರಿನಲ್ಲಿ ಅಳತೆ ಬರೆದಿರುತ್ತಾರೆ. ಎಲ್ಲ ಕಂಪೆನಿಯ 'ಮೀಡಿಯಂ' ಒಂದೇ ಅಲ್ಲ, ಅಕ್ಷರ ನಂಬಬೇಡಿ, ಸಂಖ್ಯೆ ನೋಡಿ.

ಅಳತೆ ಸರಿಯಿದ್ದೂ ನೋವಾದರೆ ಅದು ತಲೆಯ ಆಕಾರದ ಮಾತು. ಕೆಲವರ ತಲೆ ದುಂಡು, ಕೆಲವರದು ಮುಂದೆ ಹಿಂದೆ ಉದ್ದ. ಉದ್ದ ತಲೆಗೆ ದುಂಡು ಹೆಲ್ಮೆಟ್ ಹಾಕಿದರೆ ಹಣೆ ಒತ್ತುತ್ತದೆ, ಕಿವಿಯ ಮೇಲೆ ಸಂದು ಉಳಿಯುತ್ತದೆ. ಇದಕ್ಕೆ ದೊಡ್ಡ ಅಳತೆ ಮದ್ದಲ್ಲ, ಬೇರೆ ಮಾದರಿ ನೋಡಬೇಕು. ಅಂಗಡಿಯಲ್ಲಿ ನಾಚಿಕೆ ಬಿಟ್ಟು ಹತ್ತು ಹದಿನೈದು ನಿಮಿಷ ಹಾಕಿಕೊಂಡೇ ಕುಳಿತುಕೊಳ್ಳಿ. ತೆಗೆದ ಮೇಲೆ ಹಣೆಯಲ್ಲಿ ಒಂದೇ ಕಡೆ ಕೆಂಪು ಗುರುತು, ಉರಿ ಇದ್ದರೆ ಅದು ನಿಮ್ಮದಲ್ಲ. ಕೆನ್ನೆಗೆ ಮಾತ್ರ ಸ್ವಲ್ಪ ಬಿಗಿ ಇರಲಿ, ಕೆನ್ನೆಯ ಮೆತ್ತೆ ಬಳಸಿದ ಹಾಗೆ ತಗ್ಗುತ್ತದೆ.

ಪಟ್ಟಿ ಕಟ್ಟಿ ಗಲ್ಲದ ಕೆಳಗೆ ಒಂದೆರಡು ಬೆರಳು ಹೋಗುವಷ್ಟು ಜಾಗ ಇರಲಿ. ಆಮೇಲೆ ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಿ ನೋಡಿ. ಕಳಚಿ ಬಂದರೆ ಬೇಡ. ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಜೊತೆಗೇ ಅಲ್ಲಾಡಬೇಕು, ತಾನು ಬೇರೆ ತಲೆ ಬೇರೆ ಎನ್ನಬಾರದು. ಪಟ್ಟಿ ಕಟ್ಟದ ಹೆಲ್ಮೆಟ್ ಬೀಳುವಾಗ ನಮಗಿಂತ ಮೊದಲೇ ಹಾರಿಹೋಗುತ್ತದೆ.

ಸೆಕೆಗೆ ಗಾಳಿ ಕಿಂಡಿ ಇರುವುದನ್ನೇ ಆರಿಸಿ. ಕಿಂಡಿ ಹೊರಗೆ ಅಷ್ಟೇ ಅಲ್ಲ, ಒಳಗಿನ ಪದರದಲ್ಲೂ ತೂತು ಇದೆಯೇ ನೋಡಿ, ಕೆಲವದರಲ್ಲಿ ಅದು ಬರೀ ಅಲಂಕಾರ. ಒಳಗಿನ ಬಟ್ಟೆ ಬಿಚ್ಚಿ ತೊಳೆಯುವಂಥದ್ದಾದರೆ ನಮ್ಮ ಕರಾವಳಿಯ ಬೆವರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ತಲೆಗೆ ತೆಳು ಹತ್ತಿ ಬಟ್ಟೆ ಕಟ್ಟಿದರೆ ಇನ್ನೂ ಹಿತ, ದಪ್ಪ ಬೇಡ. ಉದ್ದ ಜಡೆಯವರು ಜಡೆಯನ್ನು ಕುತ್ತಿಗೆ ಹತ್ತಿರ ತಗ್ಗಿಸಿ ಹಾಕಿಕೊಳ್ಳಿ, ಮೇಲೆ ತುರುಬು ಕಟ್ಟಿದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಮುಖದ ಗಾಜು ಬಿಳಿಯದೇ ಇರಲಿ. ಜೂನ್ ಜುಲೈಯ ಸಂಜೆಗತ್ತಲಿನ ಮಳೆಯಲ್ಲಿ ಕಪ್ಪು ಗಾಜು ಹಾಕಿದರೆ ರಸ್ತೆಯ ಹೊಂಡ ಕಾಣುವುದು ಬಿದ್ದ ಮೇಲೆಯೇ! ಅರ್ಧ ಹೆಲ್ಮೆಟ್ ಹಗುರ ನಿಜ, ಆದರೆ ಪೆಟ್ಟು ಗಲ್ಲಕ್ಕೂ ಬೀಳುತ್ತದೆ. ಪೂರ್ತಿ ಮುಖ ಮುಚ್ಚುವುದೇ ವಾಸಿ.

ನಿಧಾನ ಹೋಗುವವರಿಗೆ ಬೇಡ ಎನ್ನುವವರು ಮಕ್ಕಳ ಕೈಲಿ ಈ ಲೆಕ್ಕ ಮಾಡಿಸಿ. ಒಂದೂವರೆ ಮೀಟರ್ ಎತ್ತರದಿಂದ ಬಿದ್ದ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಅಂದರೆ ನಿಂತ ಬೈಕಿನಿಂದ ಬಿದ್ದರೂ ತಲೆ ನೆಲಕ್ಕೆ ಮೆಲ್ಲನೆ ತಾಗುವುದಿಲ್ಲ.

ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬೇಡ. ನಡುವಿನ ಪದರ ಕುಸಿದಿರುತ್ತದೆ, ಅದು ಒಂದು ಸಲದ ಉಪಕಾರಿ. ಪೆಟ್ರೋಲು, ಥಿನ್ನರಿನಿಂದ ಒರೆಸಬೇಡಿ, ಬಣ್ಣ ಬಳಿಯಬೇಡಿ. ಸಾಬೂನು ನೀರು ಸಾಕು.

ಕೊನೆಗೆ ಮಕ್ಕಳ ಮಾತು. ಯೂನಿಫಾರ್ಮ್ ಹೊಲಿಸುವಾಗ "ಬೆಳೆಯುವ ಮಗು, ಸ್ವಲ್ಪ ದೊಡ್ಡದೇ ಇರಲಿ" ಎನ್ನುತ್ತೇವೆ. ಹೆಲ್ಮೆಟ್ಟಿಗೆ ಆ ಮಾತು ಸಲ್ಲದು. ದೊಡ್ಡ ಹೆಲ್ಮೆಟ್ ಮಗುವಿನ ಕಣ್ಣಿಗೆ ಇಳಿಯುತ್ತದೆ, ಬಿದ್ದಾಗ ಕಳಚುತ್ತದೆ, ಎಳೆಯ ಕುತ್ತಿಗೆಗೆ ಭಾರವಾಗುತ್ತದೆ. ಅಪ್ಪನ ಹಳೆಯ ಹೆಲ್ಮೆಟ್ ಮಗುವಿಗಲ್ಲ.

ಜೂನ್ ಬಂತೆಂದರೆ ಶಾಲೆ ಶುರು. ಕೊಡೆ, ಚೀಲ, ಪುಸ್ತಕ, ಚಪ್ಪಲಿಯ ಪಟ್ಟಿ ಪ್ರತಿ ಮನೆಯಲ್ಲೂ ತಯಾರಾಗುತ್ತದೆ. ಈ ಸಲ ಆ ಪಟ್ಟಿಗೆ ಒಂದು ಸಾಲು ಸೇರಿಸೋಣ. ಮಗುವನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅದರ ತಲೆಗೇ ಅಳೆದು ಕೊಡಿಸೋಣ, ಬಣ್ಣವನ್ನು ಅದೇ ಆರಿಸಲಿ. ತಾನು ಆರಿಸಿದ್ದನ್ನು ಮಕ್ಕಳು ಬಿಟ್ಟು ಬರುವುದಿಲ್ಲ, ಅಪ್ಪ ಅಮ್ಮ ಮರೆತರೆ ನೆನಪಿಸಲೂ ಬಿಡುವುದಿಲ್ಲ. ಏನಂತೀರಿ?